ಇಯಾಂಟೊನ ಕಾರು

ಇದನ್ನು ಹೇಳುವ ಹಕ್ಕು ನನಗಿಲ್ಲ, ಕ್ಷಮಿಸಬೇಕು. ಕಾರುಗಳನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಆ ಮನೆಯವರು ಇನ್ನೂ ಅದೇ ಬೀದಿಯಲ್ಲಿದ್ದಾರೆ. ನಾನು ತಪ್ಪಾಗಿ ಕೇಳಿಸಿಕೊಂಡಿರಲೂಬಹುದು. ಶಾಲೆಯ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಮೇನಿರ್ ನನಗಿದನ್ನು ಹೇಳಿದಳು. ಹೇಳಿ ಮುಗಿಸಿ, "ಯಾರಿಗೂ ಹೇಳಬೇಡ ಅನ್ನಲ್ಲ. ಆದ್ರೆ ಆದದ್ದಕ್ಕಿಂತ ಹೆಚ್ಚು ಮಾತ್ರ ಹೇಳಬೇಡ" ಎಂದಳು. ಅಷ್ಟನ್ನು ಪಾಲಿಸಲು ನೋಡುತ್ತೇನೆ.

ಮೇನಿರ್‌ಗೆ ನಲವತ್ತೊಂಬತ್ತು. ಕೂಮ್ ಹೆಲಿಗ್ ಕಣಿವೆಯ ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿ, ಮನೆಗೆ ಬಂದು ಮತ್ತೆ ನಾಲ್ಕು ಜನಕ್ಕೆ ಬೇಯಿಸುವವಳು. ಗಂಡ ಎಲ್ವೆಡ್ ಗೋದಾಮಿನಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಾನೆ. ಮಾವ ಟೆಗ್ವಿನ್ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಆ ಕಣಿವೆಯಲ್ಲಿ ತಾತನಿಗೆ ಬ್ಯಾಂಪಿ ಎನ್ನುತ್ತಾರೆ. ಮೊಮ್ಮಗಳ ಬಾಯಿಂದ ಕಲಿತು ಮನೆಯವರೆಲ್ಲ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಮೊಮ್ಮಗಳು ಲೌರಿಗೆ ಇಪ್ಪತ್ತೊಂದು. ಆಗಸ್ಟಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಒಂಟಿ ಮುದುಕರ ಮನೆಮನೆಗೆ ಹೋಗಿ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಹಾಸಿಗೆ ಸರಿಮಾಡಿ ಬರುವ ಕೆಲಸ. ಅದಕ್ಕೆ ಕಾರು ಬೇಕೇಬೇಕು.

ಸಾಧಾರಣವಾದ ಒಂದು ಪುಟ್ಟ ಕಾರು ತರುತ್ತೇವೆಂದು ಹೊರಟ ಅಪ್ಪ ಮಗಳು ಸಂಜೆ ಬಂದಾಗ ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಮೇನಿರ್ ಸೌಟು ಹಿಡಿದೇ ಹೊರಗೆ ಬಂದಳು. ಮನೆ ಮುಂದೆ ನಿಂತಿದ್ದು ಕೆಂಪು ಬಣ್ಣದ, ಹನ್ನೊಂದು ವರ್ಷ ಹಳೆಯ ಹಾಟ್ ಹ್ಯಾಚ್. ನೋಡಲು ಮಾರುಕಟ್ಟೆಗೆ ಹೋಗುವ ಕಾರು, ಒಳಗೆ ಪಂದ್ಯದ ಎಂಜಿನ್.

"ಇದೇನು?"

"ಮೂರು ಸಾವಿರ ಪೌಂಡಿಗೆ ಸಿಕ್ತು," ಎಂದ ಎಲ್ವೆಡ್. ಅವನ ಕೆನ್ನೆ ಕೆಂಪಾಗಿತ್ತು. ಇಪ್ಪತ್ತರಲ್ಲಿ ಅವನು ಆಸೆಪಟ್ಟು ಕೊಳ್ಳಲಾಗದೆ ಹೋದದ್ದು ಇಂಥದ್ದೇ ಕಾರು.

"ಯಾರಿಗೆ ಸಿಕ್ತು? ಅವಳಿಗೋ, ನಿನಗೋ?"

ಬ್ಯಾಂಪಿ ಬಾಗಿಲಲ್ಲಿ ನಿಂತು ಎಂಜಿನ್ ಆರುವವರೆಗೂ ಕಿವಿಗೊಟ್ಟ. "ಮೊದಲು ಸ್ಟಾರ್ಟ್ ಮಾಡಿದಾಗ ಗಡಗಡ ಅಂತಾ?"

"ತಣ್ಣಗಿದ್ದಾಗ ಸ್ವಲ್ಪ ಅಂತು ಬ್ಯಾಂಪಿ," ಎಂದಳು ಲೌರಿ.

"ಎಂಜಿನ್ ಒಳಗಿನ ಚೈನು ಅದು. ಸಡಿಲ ಆಗಿದೆ."

"ಇವಕ್ಕೆಲ್ಲ ಇರೋದೇ ಅಪ್ಪ," ಎಂದ ಎಲ್ವೆಡ್.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಹೆಚ್ಚು ಕೇಳಿಬಂದ ಮಾತು ಅದೇ. ಸಾವಿರ ಮೈಲಿಗೆ ಒಂದು ಲೀಟರ್ ಎಂಜಿನ್ ಎಣ್ಣೆ ಕುಡಿಯಿತು, ಇವಕ್ಕೆಲ್ಲ ಇರೋದೇ. ಮುಂದಿನ ಟೈರುಗಳ ಒಳಅಂಚು ಐದು ವಾರಕ್ಕೆ ಸವೆದು ತಂತಿ ಕಂಡಿತು, ಇರೋದೇ. ನಿಂತಲ್ಲೆಲ್ಲ ಎಂಜಿನ್ ತಂಪಿಡುವ ಗುಲಾಬಿ ಬಣ್ಣದ ನೀರು ಒಂದು ಹನಿ. ನೀರಿನ ಪಂಪಿನ ಪೆಟ್ಟಿಗೆ ಸೀಳಿದೆ, ಇರೋದೇ. ಪೆಟ್ರೋಲ್ ಬೇರೆ ದುಬಾರಿಯದ್ದೇ ಬೇಕು. ವಿಮೆಯವರು ಲೌರಿಯ ವಯಸ್ಸು ಕೇಳಿ ಹೇಳಿದ ಮೊತ್ತಕ್ಕೆ ಮೇನಿರ್ ಹಾಲಿನ ಪಾತ್ರೆ ಉಕ್ಕಲು ಬಿಟ್ಟಳು.

"ಬಸ್ಸೂ ಎಣ್ಣೆ ಕುಡೀತಿತ್ತು," ಎಂದ ಬ್ಯಾಂಪಿ, ಆಲೂಗಡ್ಡೆ ಹಿಸುಕುತ್ತ. "ಆದ್ರೆ ಹತ್ತೋರು ಕಾಸು ಕೊಟ್ಟು ಹತ್ತುತಿದ್ರು."

"ನೀನೂ ಕೊಟ್ಟು ಹತ್ತು ಬ್ಯಾಂಪಿ. ನಾನು ಬೇಡ ಅಂದ್ನಾ?" ಎಂದಳು ಲೌರಿ.

"ಅದರೊಳಗೆ ಕೂತ್ರೆ ನನ್ನ ಹಲ್ಲುಸೆಟ್ಟು ಡ್ಯಾಶ್‌ಬೋರ್ಡ್ ಮೇಲಿರುತ್ತೆ ಕಣೇ."

ನಗು ಇತ್ತು ಆಗ. ಆದರೆ ಲೌರಿ ಒಂದು ಮಾತು ಹೇಳಿದಳು, ಅದಕ್ಕೆ ಯಾರೂ ನಗಲಿಲ್ಲ. ಕಣಿವೆಯ ಮೇಲ್ಭಾಗದಲ್ಲಿ ಗುರುತಿಲ್ಲದ ಜನ ತನಗೆ ಕೈ ಎತ್ತುತ್ತಾರೆ, ಎಂದಳು. ಎದುರು ಬರುವ ವ್ಯಾನಿನವರು ದೀಪ ಮಿನುಗಿಸುತ್ತಾರೆ. ಹತ್ತಿರ ಬಂದು ಒಳಗಿರುವ ಮುಖ ನೋಡಿದ ಮೇಲೆ ಕೈ ಇಳಿಸಿ ಬೇರೆಲ್ಲೋ ನೋಡುತ್ತಾರೆ.

"ಕಾರಿನ ಗುರುತಿರಬೇಕು," ಎಂದ ಎಲ್ವೆಡ್. "ಹಳೇ ಮಾಲೀಕ ಇಲ್ಲಿಯವನೇ ಇರಬೇಕು."

ಸೆಪ್ಟೆಂಬರ್ ಕೊನೆಗೆ ಮೇನಿರ್ ಒಂದು ಸಂಗತಿ ಗಮನಿಸಿದಳು. ಗುರುವಾರ ಲೌರಿ ಉಣ್ಣುವುದಿಲ್ಲ.

ತಡವಾಗಿ ಬರುವವರಿಗೆ ಊಟ ಎತ್ತಿಡುವ ರೀತಿ ಆ ಕಣಿವೆಯಲ್ಲಿ ಒಂದೇ. ಕುದಿಯುವ ನೀರಿನ ಪಾತ್ರೆಯ ಮೇಲೆ ಬಡಿಸಿದ ತಟ್ಟೆ, ಅದರ ಮೇಲೆ ಬೋರಲು ಇನ್ನೊಂದು ತಟ್ಟೆ. ಬರಬೇಕಾದವರು ಬರುವ ತನಕ ಕೆಳಗಿನ ಉರಿ ಆರಿಸುವುದಿಲ್ಲ. ಎಲ್ವೆಡ್ ಪಾಳಿ ಮುಗಿಸಿ ಬರುವಾಗಲೂ, ಬ್ಯಾಂಪಿ ಬಸ್ಸು ಓಡಿಸುತ್ತಿದ್ದ ಕಾಲದಲ್ಲೂ ಹಾಗೆಯೇ. ಮೂರು ಗುರುವಾರ ಮೇನಿರ್ ಲೌರಿಯ ತಟ್ಟೆ ತೆರೆದಾಗ ಗ್ರೇವಿಯ ಮೇಲೆ ಪೊರೆ ಕಟ್ಟಿತ್ತು. ಮೂರನೆಯ ಗುರುವಾರ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ತನ್ನದಲ್ಲದ ಎರಡು ತಟ್ಟೆ ಕಂಡಳು. ನೀಲಿ ಅಂಚು, ಒಂದರ ಬಾಯಿ ಚಕ್ಕೆ ಹೋಗಿತ್ತು. ಮೂಸಿದಳು.

"ಲಿವರ್ ತಿಂದಿದ್ದೀಯಾ?"

"ಈರುಳ್ಳಿ ಹಾಕಿತ್ತು," ಎಂದಳು ಲೌರಿ.

"ಐದು ವರ್ಷದೋಳಾಗಿದ್ದಾಗಿಂದ ಲಿವರ್ ಕಂಡ್ರೆ ಮೇಜು ಬಿಟ್ಟು ಓಡ್ತಿದ್ದೋಳು ನೀನು. ಯಾರ ಮನೇಲಿ ತಿಂದೆ?"

ಲೌರಿ ಕೋಟು ಬಿಚ್ಚದೆ ಕೂತಳು. ಗುರುವಾರ ಅವಳ ಕೊನೆಯ ಮುದುಕ ಇರುವುದು ಬೆಟ್ಟದಂಚಿನ ಮೇಲಿನ ಸಾಲಿನಲ್ಲಿ. ಅವನ ಕೆಲಸ ಮುಗಿಸಿ ಬಂದು ಕಾರು ಶುರು ಮಾಡಿದಾಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಮಿಸೆಸ್ ಪ್ರಾಸರ್ ಎಂಬ ಮುದುಕಿ, ಬಟ್ಟೆ ಸುತ್ತಿದ ತಟ್ಟೆ ಹಿಡಿದು ಬಂದು ಕಿಟಕಿ ತಟ್ಟಿದಳು.

"ಏನಂದ್ರು?"

"'ತಗೋ, ಬಿಸಿ ಇದೆ ಕಣೋ' ಅಂದ್ರು."

"ಕಣೋ?"

"ಅವರ ಮಗನ ಕಾರಂತೆ ಇದು. ಇಯಾಂಟೊ ಅಂತ. ಸೈಲೆನ್ಸರ್ ಸದ್ದು ಕೇಳಿ ಬಂದ್ರು. ಎರಡು ವರ್ಷದ ಹಿಂದೆ ಕಾರು ಮಾರಿ, ಕೆಲಸ ನೋಡ್ತೀನಿ ಅಂತ ಬಸ್ಸು ಹತ್ತಿ ಹೋದೋನು ಬಂದಿಲ್ಲ. ಪೊಲೀಸ್ನೋರು ಹುಡುಕಿ ಹುಡುಕಿ ಕೈಬಿಟ್ಟಿದ್ದಾರೆ."

"ನಾನು ನಿಮ್ಮ ಮಗ ಅಲ್ಲ ಅನ್ನಬೇಕು ತಾನೆ?"

"ಅಂದೆ ಅಮ್ಮ. 'ಹೂಂ, ಉಣ್ಣು' ಅಂದ್ರು." ಸ್ವಲ್ಪ ತಡೆದು, "ಅದಕ್ಕೂ ಮೊದಲು ಫೋನ್ ಬಂದಿತ್ತು" ಎಂದಳು.

ಎಲ್ವೆಡ್ ಫೋರ್ಕು ಕೆಳಗಿಟ್ಟ.

ಕಾರಿನ ರೇಡಿಯೊದ ಪರದೆ ಒಮ್ಮೊಮ್ಮೆ ತಾನಾಗಿ ಬೆಳಗುತ್ತದೆ, ಎಂದಳು ಲೌರಿ. 'ಇಯಾಂಟೊ ಫೋನ್ ಜೋಡಣೆಯಾಗಿದೆ' ಎಂದು ಬರುತ್ತದೆ. ಆಮೇಲೆ, ಗುರುವಾರ ಐದಕ್ಕೆ, 'ಅಮ್ಮ' ಎಂಬ ಹೆಸರಿನಲ್ಲಿ ಕರೆ. ಮೊದಲ ಸಲ ತನ್ನಮ್ಮನೇ ಎಂದುಕೊಂಡು ಸ್ಟೀರಿಂಗಿನ ಗುಂಡಿ ಒತ್ತಿದಳು. ನಾಲ್ಕೂ ಸ್ಪೀಕರಿನಿಂದ ಒಂದು ದನಿ: ಊಟ ಆರ್ತಾ ಇದೆ ಕಣೋ, ಎಲ್ಲಿದೀಯಾ?

ಆಮೇಲೆ ಎಲ್ವೆಡ್ ಮೇಜು ತಟ್ಟಿ ನಕ್ಕ. "ಅಯ್ಯೋ, ಇಷ್ಟೇನಾ! ಹುಡುಗ ಫೋನ್ ಮನೇಲೇ ಬಿಟ್ಟು ಹೋಗಿದಾನೆ. ಆಕೆ ಅದನ್ನ ಚಾರ್ಜಿಗಿಟ್ಟಿದಾಳೆ. ಕಾರು ಅವರ ಗೋಡೆ ಪಕ್ಕ ನಿಂತ್ರೆ ಬ್ಲೂಟೂತ್ ಹಿಡ್ಕೊಳ್ಳುತ್ತೆ. ರೇಡಿಯೊದಲ್ಲಿ ಹಳೇ ಮಾಲೀಕನ ಹೆಸರು ಅಳಿಸಿಲ್ಲ ಅಷ್ಟೇ. ಇವಕ್ಕೆಲ್ಲ..."

"ಇರೋದೇ ಅಂದ್ರೆ ಈ ಸೌಟು ನಿನ್ನ ತಲೆ ಮೇಲಿರುತ್ತೆ," ಎಂದಳು ಮೇನಿರ್.

ಆದರೂ ಎಲ್ಲರಿಗೂ ಹಗುರವಾಯಿತು. ಬ್ಯಾಂಪಿ ಇನ್ನೊಂದು ಆಲೂಗಡ್ಡೆ ಹಾಕಿಕೊಂಡ. ಮೇನಿರ್ ಮಾತ್ರ, "ಮುಂದಿನ ಗುರುವಾರ ನೀನು ಇಲ್ಲಿ ಉಣ್ಣಬೇಕು" ಎಂದಳು.

"ಆಯ್ತಮ್ಮ."

ಮುಂದಿನ ಗುರುವಾರವೂ ಲೌರಿ ಉಣ್ಣಲಿಲ್ಲ. ಅದರ ಮುಂದಿನದೂ ಇಲ್ಲ. ನೀಲಿ ಅಂಚಿನ ತಟ್ಟೆಗಳು ಅಡುಗೆಮನೆಯಲ್ಲಿ ಪೇರಿಕೊಂಡವು. ಲೌರಿ ಅವನ್ನು ವಾಪಸು ಕೊಡಲು ಮರೆಯುತ್ತಿದ್ದಳು, ಇಲ್ಲವೇ ಮರೆತಂತೆ ಮಾಡುತ್ತಿದ್ದಳು. ಅವಳ ನಡಿಗೆಯೂ ಬೇರೆಯಾದಂತೆ ಮೇನಿರ್‌ಗೆ ಅನಿಸುತ್ತಿತ್ತು. ಒಳಗೆ ಬಂದವಳು ಕೀಲಿಗೊಂಚಲನ್ನು ಎಂದಿನ ಮೊಳೆಗೆ ಹಾಕದೆ, ಬಾಗಿಲ ಬಲಗಡೆಯ ಬರಿ ಗೋಡೆಯತ್ತ ಕೈ ಚಾಚಿ, ಅಲ್ಲಿ ಮೊಳೆಯಿಲ್ಲದ್ದು ಕಂಡು ನಿಲ್ಲುತ್ತಿದ್ದಳು. ಇದನ್ನು ಮೇನಿರ್ ಗಂಡನಿಗೆ ಹೇಳಲಿಲ್ಲ. ಹೇಳಿದರೆ ಏನೆನ್ನುತ್ತಾನೆಂದು ಗೊತ್ತಿತ್ತು.

ಅಕ್ಟೋಬರ್ ಕೊನೆಯಲ್ಲಿ ಚಳಿಗಾಲಕ್ಕೆಂದು ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಟ್ಟಿತು, ಐದಕ್ಕೇ ಕತ್ತಲು. ಶಾಲೆಗೆ ಒಂದು ವಾರದ ರಜೆ. ಬೆಟ್ಟದಾಚೆಯ ಊರಿನಲ್ಲಿ ಅರ್ಧ ಸವೆದ ಟೈರು ಅಗ್ಗಕ್ಕೆ ಸಿಗುತ್ತವೆಂದು ಲೌರಿ ಗುರುವಾರ ರಜೆ ಹಾಕಿ ಹೊರಟಳು. ಮೇನಿರ್ ತಾನೂ ಬರುತ್ತೇನೆಂದು ಹತ್ತಿದಳು. ಟೈರು ಹಾಕಿಸಿಕೊಂಡು ವಾಪಸು ಬರುವಾಗ ಬೆಟ್ಟದ ನೆತ್ತಿಯಲ್ಲಿ ಮಂಜು ಇಳಿದಿತ್ತು. ಅಲ್ಲಿ ಮನೆಯಿಲ್ಲ, ದೀಪದ ಕಂಬವಿಲ್ಲ, ರಸ್ತೆಯಲ್ಲಿ ಮಲಗಿದ ಕುರಿಗಳು ಮಾತ್ರ. ಸುತ್ತ ಮೈಲಿಗಟ್ಟಲೆ ಅಷ್ಟೇ.

ಪರದೆ ಬೆಳಗಿತು. ಇಯಾಂಟೊ ಫೋನ್ ಜೋಡಣೆಯಾಗಿದೆ.

"ಲೌರಿ, ಇಲ್ಲಿ ಹೇಗೆ?" ಎಂದಳು ಮೇನಿರ್. "ಇಲ್ಲಿ ಯಾರ ಮನೆ ಇದೆ?"

ಕಾರು ನಿಧಾನವಾಯಿತು. ಕರೆ ಬಂತು: ಅಮ್ಮ. ಲೌರಿಯ ಹೆಬ್ಬೆರಳು ನೋಡದೆಯೇ ಗುಂಡಿಗೆ ಹೋಯಿತು.

"ಎಲ್ಲಿದೀಯೋ? ತಟ್ಟೆ ಇಟ್ಟಿದೀನಿ."

"ಬರ್ತಾ ಇದೀನಿ ಅಮ್ಮ," ಎಂದಳು ಲೌರಿ.

ಆ ದನಿ ಮೇನಿರ್‌ಗೆ ಗೊತ್ತಿತ್ತು. ಹೊರಗೆ ಆಡುತ್ತಿದ್ದ ಲೌರಿಯನ್ನು ಊಟಕ್ಕೆ ಕರೆದಾಗ ಅವಳು ಓಗೊಡುತ್ತಿದ್ದ ದನಿ, ದಣಿದ, ಸಲಿಗೆಯ ದನಿ. ಅದು ತನ್ನೊಬ್ಬಳಿಗೆಂದು ಇದ್ದದ್ದು. ಮೇನಿರ್ ಪಕ್ಕದಲ್ಲೇ ಕೂತಿದ್ದಳು.

"ನಿಲ್ಲಿಸು," ಎಂದಳು.

"ಆಕೆ ಕಾಯ್ತಾರೆ ಅಮ್ಮ."

"ನಾನು ಕಾಯಲ್ವಾ? ಇಷ್ಟು ವಾರ ನಾನೇನು ಮಾಡ್ತಿದ್ದೆ ಅಂದ್ಕೊಂಡೆ? ಉರಿ ಆರಿಸದೆ ನಿಂತಿರ್ತೀನಲ್ಲ, ಅದೇನು?"

"ನಿನಗೆ ನಾನು ಬರ್ತೀನಿ ಅಂತ ಗೊತ್ತಿರುತ್ತೆ."

"ಗೊತ್ತಿಲ್ಲ!" ಎಂದು ಮೇನಿರ್ ಕೂಗಿದಳು. ಕುರಿಯೊಂದು ಎದ್ದು ನಿಂತಿತು. "ಈಗ ಗೊತ್ತಿಲ್ಲ ಕಣೇ."

ಮುಂದೆ ಇಳಿಜಾರಿನಲ್ಲಿ ಗೇರು ಬೀಳಲಿಲ್ಲ. ಕ್ಲಚ್ ಸುಟ್ಟ ವಾಸನೆ ಕಾರು ತುಂಬ ಹಬ್ಬಿತು. ಇಬ್ಬರೂ ಒಂದು ಗಂಟೆ ಮಂಜಿನಲ್ಲಿ ಎಳೆದೊಯ್ಯುವ ಗಾಡಿಗೆ ಕಾದರು. ಅಷ್ಟು ಹೊತ್ತೂ ಪರದೆ ಆರಲಿಲ್ಲ.

ಕ್ಲಚ್ಚಿಗೆ ಆರುನೂರ ನಲವತ್ತು ಪೌಂಡ್ ಎಂದ ಗ್ಯಾರೇಜಿನ ಕ್ಲೆಮ್. ಅಷ್ಟು ಹಣ ಮನೆಯಲ್ಲಿರಲಿಲ್ಲ. ಕಾರು ಹೀಗೆಯೇ ನಿಂತರೆ ಲೌರಿಯ ಕೆಲಸವೂ ನಿಲ್ಲುತ್ತಿತ್ತು. ಎರಡು ದಿನ ಬಿಟ್ಟು ಎಲ್ವೆಡ್ ಕಂತಿನ ಮಾತಾಡಲು ಹೋದರೆ ಕ್ಲೆಮ್ ಕೈ ಒರೆಸಿಕೊಳ್ಳುತ್ತ, "ಆಗಿದೆಯಲ್ಲ" ಎಂದ. "ಕಾರು ಇಲ್ಲಿ ನಿಂತಿದ್ದು ಕಂಡು ಮಿಸೆಸ್ ಪ್ರಾಸರ್ ಬಂದು ಕೊಟ್ಟು ಹೋದ್ರು. ಮುಂಚೆ ಇದ್ದ ಕ್ಲಚ್ಚೂ ಅವರದೇ ದುಡ್ಡು."

ಆ ಸಂಜೆಯ ಜಗಳ ಗೋಡೆಯಾಚೆಯ ಮನೆಗೂ ಕೇಳಿಸಿತು.

"ಕೊಟ್ಟಿದಾಳೆ, ತಗೊಳ್ಳೋಣ," ಎಂದ ಎಲ್ವೆಡ್. "ಹುಡುಗಿ ಕೆಲಸ ಉಳೀತು."

"ಮಗನ ಕಾರಿಗೆ ಕೊಟ್ಟಿದ್ದು ಆಕೆ," ಎಂದ ಬ್ಯಾಂಪಿ. "ನಿನ್ನ ಮಗಳಿಗಲ್ಲ. ತಗೊಂಡ್ರೆ ಯಾರನ್ನ ಕೊಟ್ಟ ಹಾಗೆ?"

"ನೀನು ಬಸ್ಸೋಡಿಸಿದೋನು, ಪಾದ್ರಿ ಅಲ್ಲ!"

"ಮೊದಲು ಆ ಕಾರನ್ನ ಬಿಚ್ಚಿ ನೋಡು," ಎಂದ ಬ್ಯಾಂಪಿ. "ಬೆಟ್ಟದ ಮೇಲೂ ಕರೆ ಬಂತಲ್ಲ. ಫೋನು ಅದರೊಳಗೇ ಎಲ್ಲೋ ಇರಬೇಕು."

ಎಲ್ವೆಡ್ ಮತ್ತು ಕ್ಲೆಮ್ ಭಾನುವಾರ ಆಸನ, ಕಾಲಡಿಯ ಹಾಸು, ಡಿಕ್ಕಿಯಲ್ಲಿ ಹೆಚ್ಚುವರಿ ಚಕ್ರ ಇಡುವ ಗುಂಡಿ, ಡ್ಯಾಶ್‌ಬೋರ್ಡಿನ ಹಿಂಬದಿ ಎಲ್ಲ ಬಿಚ್ಚಿದರು. ಎರಡು ನಾಣ್ಯ, ಒಂದು ಕೂದಲು ರಬ್ಬರು, ಆಲೂಗಡ್ಡೆ ಚಿಪ್ಸ್ ತಿನ್ನುವ ಮರದ ಫೋರ್ಕು ಸಿಕ್ಕವು. ಫೋನಿರಲಿಲ್ಲ.

ಮೇನಿರ್ ಸೋಮವಾರ ಶಾಲೆ ಮುಗಿಸಿ ಮೇಲಿನ ಸಾಲಿಗೆ ನಡೆದೇ ಹೋದಳು. ಮಿಸೆಸ್ ಪ್ರಾಸರ್ ಎಪ್ಪತ್ತು ದಾಟಿದ, ಅಚ್ಚುಕಟ್ಟಿನ ಹೆಂಗಸು. ಬಾಗಿಲ ಬಲಗಡೆ ಒಂದು ಮೊಳೆ ಇತ್ತು. ಮೇನಿರ್ ಅದನ್ನು ನೋಡಿ ಕಣ್ಣು ತೆಗೆದಳು.

"ಕೂತ್ಕೋ. ಅವಳ ಅಮ್ಮ ತಾನೆ? ಮೂಗು ನಿನ್ನದೇ ಇದೆ."

"ಹಾಗಾದ್ರೆ ಅವಳು ಹುಡುಗಿ ಅಂತ ನಿಮಗೆ ಗೊತ್ತು."

"ನನಗೆ ಹುಚ್ಚು ಹಿಡಿದಿಲ್ಲ ಕಣಮ್ಮ. ನನ್ನ ಮಗ ಆರಡಿ ಇದ್ದ. ನಿನ್ನ ಮಗಳು ಸ್ಟೀರಿಂಗ್ ಮೇಲಿಂದ ಇಣುಕಿ ನೋಡ್ತಾಳೆ."

"ಮತ್ತೆ ಕಣೋ ಅಂತೀರಂತೆ."

ಆಕೆ ಟೀ ಬಗ್ಗಿಸಿದಳು. "ಅಭ್ಯಾಸ."

"ಅವಳಿಗೆ ನಮ್ಮನೇಲೂ ಊಟ ಎತ್ತಿಟ್ಟಿರುತ್ತೆ ಮಿಸೆಸ್ ಪ್ರಾಸರ್. ನಾನು ಜಗಳಕ್ಕೆ ಬಂದಿಲ್ಲ. ಕ್ಲಚ್ಚಿನ ದುಡ್ಡು ತಿಂಗಳು ತಿಂಗಳು ಕೊಡ್ತೀವಿ. ನೀವು ಆ ಫೋನ್ ಒಂದು ಆಫ್ ಮಾಡಿ ಇಟ್ಬಿಡಿ. ಅಷ್ಟೇ ಕೇಳ್ತಿರೋದು."

"ಯಾವ ಫೋನು?"

"ಇಯಾಂಟೊಂದು. ನಿಮ್ಮ ಹತ್ರ ಇರೋದು."

"ಅದು ನನ್ನ ಹತ್ರ ಎಲ್ಲಿದೆ? ಜೇಬಲ್ಲಿ ಹಾಕ್ಕೊಂಡು ಹೋದ. ಅದರ ಬಾಡಿಗೆ ತಿಂಗಳಿಗೆ ಹನ್ನೆರಡು ಪೌಂಡ್ ನಾನು ಕಟ್ತೀನಿ, ಕರೆ ನಿಲ್ಲಬಾರದು ಅಂತ. ಪ್ರತಿ ಗುರುವಾರ ಮಾಡ್ತೀನಿ. ಎರಡು ವರ್ಷ ಬರೀ ರಿಂಗಾಗ್ತಿತ್ತು." ಆಕೆ ಬಟ್ಟಲನ್ನು ಮೇನಿರ್ ಕಡೆ ತಳ್ಳಿದಳು. "ಸೆಪ್ಟೆಂಬರಿನಿಂದ ಎತ್ತುತ್ತಾನೆ."

"ಎತ್ತೋದು ಲೌರಿ."

"ಇರಬಹುದು. ಅವನು ಎತ್ತುತ್ತಾನೆ, ಇವಳು ಬರ್ತಾಳೆ. ನನಗೆ ಸಿಕ್ಕಿದ್ದು ಅಷ್ಟು. ಅಷ್ಟನ್ನ ತಗೊಂಡೆ. ನೀನಾಗಿದ್ರೆ ಬೇಡ ಅಂತಿದ್ಯಾ?"

ಮೇನಿರ್ ಬಟ್ಟಲು ಎತ್ತಿಕೊಂಡಳು. ಟೀ ಕುಡಿದು ಬಂದಳು.

ನವೆಂಬರಿನ ಎರಡನೆಯ ವಾರ ಕಾರಿನ ವಾರ್ಷಿಕ ತಪಾಸಣೆ ಇತ್ತು. ಅಷ್ಟರವರೆಗೂ ಕಾರು ಉಳಿಯಲಿಲ್ಲ. ಮಂಗಳವಾರ ಬೆಳಿಗ್ಗೆ, ಹಿಮ ಬಿದ್ದ ದಿನ, ಲೌರಿ ಕೀಲಿ ತಿರುಗಿಸಿದಾಗ ಗಡಗಡ ಎಂದದ್ದು ನಿಲ್ಲಲಿಲ್ಲ, ಜೋರಾಯಿತು. ಅಡುಗೆಮನೆಯಲ್ಲಿ ರೊಟ್ಟಿ ಸುಡುತ್ತಿದ್ದ ಬ್ಯಾಂಪಿ, "ಆರಿಸು! ಆರಿಸೇ!" ಎಂದು ಚಪ್ಪಲಿಯಲ್ಲೇ ಓಡಿದ. ಅಷ್ಟರಲ್ಲಿ ಚೈನು ತುಂಡಾಗಿ ಎಂಜಿನ್ ಒಳಗೆಲ್ಲ ಮುರಿದಿತ್ತು. ಸರಿಮಾಡಿಸಲು ಕಾರಿನ ಬೆಲೆಗಿಂತ ಹೆಚ್ಚು. ಬುಧವಾರ ಎಲ್ವೆಡ್ ತಾನೇ ಗುಜರಿಯವರ ಜೊತೆ ಹೋಗಿ, ಯಂತ್ರ ಅದನ್ನು ರೇಡಿಯೊ ಸಮೇತ ಅಪ್ಪಚ್ಚಿ ಮಾಡುವವರೆಗೂ ನಿಂತು ನೋಡಿ, ಇನ್ನೂರ ಎಂಬತ್ತು ಪೌಂಡ್ ತಂದು ಮೇಜಿನ ಮೇಲಿಟ್ಟ. "ಪ್ರಾಸರಮ್ಮಂಗೆ ಕೊಡು" ಎಂದ. ಹೊಸ ಕಾರಿಗೆ ಬ್ಯಾಂಪಿ ತನ್ನ ಶವಸಂಸ್ಕಾರಕ್ಕೆಂದು ಕೂಡಿಟ್ಟದ್ದನ್ನು ತೆಗೆದ.

"ನಾನು ಸಾಯೋದನ್ನ ಸ್ವಲ್ಪ ಮುಂದೂಡ್ತೀನಿ. ಈ ಸಲ ಹೊಲಿಗೆ ಮೆಷಿನ್ ಥರ ಸದ್ದು ಮಾಡೋದನ್ನ ತಗೊಳ್ಳಿ."

ಗುರುವಾರ ಲೌರಿ ನಾಲ್ಕೂವರೆಗೇ ಬಂದು ಮೇಜಿಗೆ ಕೂತಳು. ಮೇನಿರ್ ಅವಳೆದುರು ತಟ್ಟೆ ಇಟ್ಟು ಅವಳು ಮೊದಲ ತುತ್ತು ಬಾಯಿಗಿಡುವುದನ್ನು ನೋಡಿದಳು. ತನಗೆ ಬೇಕಾದದ್ದು ಇಷ್ಟೇ, ಸಿಕ್ಕಿತು. ಆದರೆ ಲೌರಿ ಗಡಿಯಾರ ನೋಡಿದಳು, ಮತ್ತೆ ನೋಡಿದಳು.

"ನೀನು ಹೋಗಿ ಹೇಳ್ತೀಯಾ ಅಮ್ಮ? ನನ್ನ ಕೈಲಾಗಲ್ಲ."

"ನೀನು ಉಣ್ಣು. ನಾನು ಹೋಗ್ತೀನಿ." ಹಣವನ್ನೂ, ಕೂಡಿದ್ದ ನೀಲಿ ತಟ್ಟೆಗಳನ್ನೂ ಚೀಲಕ್ಕೆ ಹಾಕಿಕೊಂಡು ಮೇನಿರ್ ಮೇಲಿನ ಸಾಲಿನ ಬಸ್ಸು ಹತ್ತಿದಳು.

ಕಾರು ಹೋಯಿತೆಂದಾಗ ಮಿಸೆಸ್ ಪ್ರಾಸರ್ "ಹೌದಾ" ಎಂದಳು, ಅಷ್ಟೇ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ತಟ್ಟೆ. ನೋಡಲಾಗದೆ ಮೇನಿರ್ ತಾನು ತಂದ ತಟ್ಟೆಗಳನ್ನೇ ತೊಟ್ಟಿಗೆ ಹಾಕಿ ಮತ್ತೊಮ್ಮೆ ತೊಳೆಯತೊಡಗಿದಳು. ಐದು ಹೊಡೆಯಿತು. ಬೆನ್ನ ಹಿಂದೆ ಆಕೆ ಗೋಡೆಯ ಫೋನು ತೆಗೆದು ಸಂಖ್ಯೆ ಒತ್ತುವುದು ಕೇಳಿಸಿತು.

ಬೇಡ ಎನ್ನಬೇಕೆಂದು ಮೇನಿರ್ ಬಾಯಿ ತೆರೆದಳು. ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಆಮೇಲೆ ಈ ಹೆಂಗಸನ್ನು ಕೂರಿಸಿ ಏನು ಹೇಳಲಿ ಎಂದು ಯೋಚಿಸುತ್ತಿದ್ದಳು.

"ಊಟ ಆರ್ತಾ ಇದೆ ಕಣೋ," ಎಂದಳು ಮಿಸೆಸ್ ಪ್ರಾಸರ್.

ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. ಬಹಳ ಹೊತ್ತು. ಒಮ್ಮೆ ಸಣ್ಣಗೆ ನಕ್ಕಳು. "ಇಲ್ಲ, ಇವತ್ತು ಅವಳು ಬರಲಿಲ್ಲ. ಅವರಮ್ಮ ಬಂದಿದಾರೆ," ಎಂದಳು. ಆಮೇಲೆ ರಿಸೀವರನ್ನು ಮೇನಿರ್ ಕಡೆ ಚಾಚಿದಳು.

"ಮಾತಾಡ್ತೀಯಾ?"

"ಕೈ ಒದ್ದೆ ಇದೆ," ಎಂದಳು ಮೇನಿರ್.

ಒರೆಸಿಕೊಳ್ಳಲು ಬಟ್ಟೆ ಪಕ್ಕದಲ್ಲೇ ಇತ್ತು. ಅವಳು ಕೈಯನ್ನು ನೀರಿನಿಂದ ತೆಗೆಯಲಿಲ್ಲ.

ಆ ಹೊತ್ತಿಗೆ ಲೌರಿ ಮನೆಯಲ್ಲೇ ಇದ್ದಳೆಂದು ಬ್ಯಾಂಪಿ ಈಗಲೂ ಆಣೆ ಮಾಡುತ್ತಾನೆ, ಕಾರು ಅಪ್ಪಚ್ಚಿಯಾದದ್ದಕ್ಕೆ ಎಲ್ವೆಡ್‌ನ ಹತ್ತಿರ ರಸೀದಿ ಇದೆ. ಮಿಸೆಸ್ ಪ್ರಾಸರ್ ಆ ಕಡೆ ಯಾರೂ ಇಲ್ಲದ ಲೈನಿಗೆ ಮಾತಾಡಿರಬಹುದು. ಆ ಫೋನು ಬೇರೆ ಯಾರ ಕೈಗೋ ಹೋಗಿ, ಅವರು ಕರುಣೆಯಿಂದ ಎತ್ತಿರಬಹುದು. ಹುಡುಗ ಎಲ್ಲೋ ಬದುಕಿಯೇ ಇರಬಹುದು. ಯಾವುದೆಂದು ನನಗೆ ಗೊತ್ತಿಲ್ಲ. ಆ ಕಡೆ ಯಾರಿದ್ದರೆಂದು ಮೇನಿರ್‌ಗೂ ಗೊತ್ತಿಲ್ಲ, ಅವಳು ಕೇಳಿಸಿಕೊಳ್ಳಲಿಲ್ಲ.